ದೋಣಿ ಮರಳಿ ಬರಬೇಕು

ಆಟದ ದೋಣಿಯನ್ನು ನೀರಿಗೆ ಬಿಡುವುದು ದೊಡ್ಡ ವಿದ್ಯೆಯೇನಲ್ಲ. ಮಳೆ ನಿಂತ ಮೇಲೆ ನೋಟ್ಸಿನ ಹಾಳೆ ಹರಿದು ದೋಣಿ ಮಾಡಿ ಚರಂಡಿಗೆ ಬಿಡದವರು ನಮ್ಮ ಕಾಲೇಜಿನಲ್ಲಿ ಯಾರಿದ್ದಾರೆ? ಆ ದೋಣಿ ಹೋದರೆ ಹೋಯಿತು. ಅದು ಮರಳಿ ಬರಲೆಂದು ಯಾರೂ ಕಾಯುವುದಿಲ್ಲ. ಆದರೆ ಕೈಯಲ್ಲೊಂದು ಪೆಟ್ಟಿಗೆ ಹಿಡಿದು ದಡದಲ್ಲಿ ನಿಂತು, ಎಡಕ್ಕೆಂದರೆ ಎಡಕ್ಕೆ, ಬಲಕ್ಕೆಂದರೆ ಬಲಕ್ಕೆ ತಿರುಗುವ ರೇಡಿಯೊ ದೋಣಿಯೊಂದನ್ನು ನಡೆಸಲು ಹೊರಟವನಿಗೆ ಹೊಸದೊಂದು ಚಿಂತೆ ಅಂಟಿಕೊಳ್ಳುತ್ತದೆ. ಇದೇ ಬಗೆಯ ಆಟದ ಕಾರು ಕೆಟ್ಟು ನಿಂತರೆ ನಡೆದು ಹೋಗಿ ಎತ್ತಿಕೊಂಡು ಬರಬಹುದು. ವಿಮಾನವಾದರೆ ಎಲ್ಲೋ ಒಂದು ಕಡೆ ಬಿದ್ದು ತನ್ನ ಕಥೆಯನ್ನು ತಾನೇ ಮುಗಿಸಿಕೊಳ್ಳುತ್ತದೆ. ದೋಣಿ ಮಾತ್ರ ನಡುನೀರಿನಲ್ಲಿ ನಿಂತು ನಮ್ಮನ್ನೇ ನೋಡುತ್ತಿರುತ್ತದೆ. ನಾವೂ ಅದನ್ನು ನೋಡುತ್ತಿರಬೇಕು.

ನಮ್ಮೂರಿನ ಕೆರೆಯನ್ನು ಬಲ್ಲವರಿಗೆ ಈ ಚಿಂತೆಯ ತೂಕ ತಿಳಿಯುತ್ತದೆ. ಬೇಸಗೆಯಲ್ಲಿ ಹೊಲಕ್ಕೆಂದೂ ಇಟ್ಟಿಗೆಗೆಂದೂ ಗೋಡು ತೋಡಿ ತೋಡಿ ಅಲ್ಲಲ್ಲಿ ಗುಂಡಿಗಳಾಗಿವೆ. ಮಳೆಗಾಲದಲ್ಲಿ ನೀರು ನಿಂತರೆ ಮೊಣಕಾಲುದ್ದದ ನೀರಾವುದು, ಮೂರಾಳುದ್ದದ ಗುಂಡಿ ಯಾವುದು ಎಂದು ಮೇಲಿನಿಂದ ಹೇಳಲು ಬರುವುದಿಲ್ಲ. ಪಕ್ಕದ ಊರಿನಲ್ಲಿ ಚೆಂಡಿನ ಹಿಂದೆ ನೀರಿಗಿಳಿದ ಹುಡುಗನೊಬ್ಬ ಮೇಲೆ ಬರಲಿಲ್ಲ. ನನ್ನ ತಮ್ಮನಿಗೆ ಹತ್ತು ವರ್ಷ. ಅವನಿಗೂ ಈಜು ಬಾರದು, ನನಗೂ ಬಾರದು. ದೋಣಿಯ ಸುದ್ದಿ ಕಿವಿಗೆ ಬಿದ್ದ ದಿನವೇ ಅಮ್ಮ ತನ್ನ ಷರತ್ತು ಹಾಕಿದಳು: “ನಿಂತ್ರೆ ನಿಂತಲ್ಲೇ ಇರ್ಲಿ, ಹಾಳಾದ್ರೆ ಹಾಳಾಗ್ಲಿ. ನೀವಿಬ್ರೂ ನೀರಿಗಿಳಿಯಲ್ಲ ಅಂತ ನನ್ನ ಮೇಲೆ ಆಣೆ ಇಟ್ಟು ಹೇಳಿ.” ಆಣೆ ಇಟ್ಟೆವು. ಆದರೆ ಹತ್ತು ವರ್ಷದ ಹುಡುಗನ ಆಣೆಯನ್ನು ಎಷ್ಟರ ಮಟ್ಟಿಗೆ ನಂಬಬಹುದೆಂಬುದು ಹತ್ತು ವರ್ಷದ ತಮ್ಮಂದಿರಿರುವ ಎಲ್ಲ ಅಣ್ಣಂದಿರಿಗೂ ಗೊತ್ತು. ಹಾಗಾಗಿ ಮುಂದೆ ನಾನು ಕೊಂಡ ಒಂದೊಂದು ಸಾಮಾನನ್ನೂ ‘ಇದರಿಂದ ದೋಣಿ ಎಷ್ಟು ಜೋರಾಗಿ ಹೋದೀತು’ ಎಂದು ನೋಡಲಿಲ್ಲ. ‘ಇದರಿಂದ ದೋಣಿ ದಡಕ್ಕೆ ಬಂದೀತೇ’ ಎಂದು ನೋಡಿದೆ.

ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಓದುವವನಿಗೆ ಮೋಟಾರು ಬ್ಯಾಟರಿಗಳ ಗೊಡವೆ ಏಕೆಂದು ಗೆಳೆಯರು ಕೇಳಿದ್ದುಂಟು. ಇತಿಹಾಸದ ವಿದ್ಯಾರ್ಥಿಯಾಗಿಯೇ ಉತ್ತರ ಕೊಡುತ್ತೇನೆ. ರೇಡಿಯೊದಿಂದ ನಡೆಯುವ ಆಟಿಕೆಗಳ ವಂಶಕ್ಕೆ ಮೂಲಪುರುಷ ದೋಣಿಯೇ. ೧೮೯೮ರಲ್ಲಿ ನಿಕೊಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನೀರಿನ ತೊಟ್ಟಿಯೊಂದರಲ್ಲಿ ಪುಟ್ಟ ದೋಣಿಯನ್ನು ತಂತಿಯಿಲ್ಲದೆ ನಡೆಸಿ ತೋರಿಸಿದನು. ಅದೇ ವರ್ಷದ ನವೆಂಬರ್ ೮ರಂದು ಅಮೆರಿಕದಲ್ಲಿ ಅದಕ್ಕೆ ೬೧೩,೮೦೯ನೆಯ ಸಂಖ್ಯೆಯ ಪೇಟೆಂಟು ದೊರೆಯಿತು. ರೈಟ್ ಸಹೋದರರ ವಿಮಾನ ಹಾರಲು ಇನ್ನೂ ಐದು ವರ್ಷವಿತ್ತು. ಅಂದು ಟೆಸ್ಲಾನ ದೋಣಿಯೊಳಗೆ ಇದ್ದದ್ದೇ ಇಂದು ನನ್ನ ದೋಣಿಯೊಳಗೂ ಇದೆ: ಬ್ಯಾಟರಿ, ನೂಕುವುದಕ್ಕೆ ಮೋಟಾರು, ಚುಕ್ಕಾಣಿ ತಿರುಗಿಸುವುದಕ್ಕೆ ಒಂದು ಯಂತ್ರ, ದಡದ ಮಾತನ್ನು ಕೇಳಿಸಿಕೊಳ್ಳುವ ಒಂದು ಕಿವಿ. ಇಷ್ಟೇ ಸಂಸಾರ. ಆದರೆ ಟೆಸ್ಲಾ ಎಲ್ಲವನ್ನೂ ತಾನೇ ಮಾಡಿಕೊಳ್ಳಬೇಕಾಗಿತ್ತು. ನಮಗೆ ಅಂಗಡಿಯಲ್ಲಿ ನೂರು ಬಗೆ ಸಿಗುತ್ತವೆ. ಕಷ್ಟ ಇರುವುದೂ ಅಲ್ಲಿಯೇ.

ಹೊಸಬರು ಸಾಮಾನ್ಯವಾಗಿ ಮೋಟಾರಿನಿಂದ ಆರಂಭಿಸುತ್ತಾರೆ. ದೊಡ್ಡ ಮೋಟಾರು ಸಿಕ್ಕಿತೆಂದರೆ ಅದಕ್ಕೆ ತಕ್ಕ ಬ್ಯಾಟರಿ, ಆ ಬ್ಯಾಟರಿ ಹೊರಲು ದೊಡ್ಡ ದೋಣಿ, ಹೀಗೆ ಬೆಳೆಯುತ್ತಾ ಹೋಗುತ್ತದೆ. ನನಗೆ ಬೇರೊಂದು ದಾರಿ ಹೇಳಿಕೊಟ್ಟವರು ನಮ್ಮಪ್ಪ. ಅವರದು ತಾಲ್ಲೂಕು ಪೇಟೆಯಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವರು. ರೈತರ ಪಂಪ್‌ಸೆಟ್ಟುಗಳ ಸುಟ್ಟ ಮೋಟಾರನ್ನು ಬಿಚ್ಚಿ, ಕರಕಲು ತಂತಿಯನ್ನು ತೆಗೆದು, ಹೊಸ ತಂತಿ ಸುತ್ತಿ ವಾರ್ನಿಷ್ ಹಾಕುವುದು ಅವರ ಕೆಲಸ. ಆ ಕೆಲಸಕ್ಕೆ ನನ್ನನ್ನು ಅವರು ಎಂದೂ ಕರೆದವರಲ್ಲ. ರಜೆಯಲ್ಲಿ ಅಂಗಡಿಯ ಮುಂದೆ ನಿಂತರೂ “ಕೈ ಮಸಿ ಮಾಡ್ಕೋಬೇಡ, ಮನೆಗೆ ಹೋಗಿ ಓದ್ಕೋ” ಎನ್ನುತ್ತಿದ್ದರು. ಮನೆಯಲ್ಲಿ ಮೊದಲ ಬಿ. ಎ. ಆಗಲಿರುವವನು ಕೊನೆಯ ವರ್ಷದಲ್ಲಿ ಬಂದು “ಅಪ್ಪ, ಒಂದು ಮೋಟಾರು ಆರಿಸಿಕೊಡಿ” ಎಂದಾಗ ಅವರ ಮುಖದಲ್ಲಿ ಸಂತೋಷ ಕಂಡಿತೋ ಸಂಕಟ ಕಂಡಿತೋ ನನಗೆ ಈಗಲೂ ಬಿಡಿಸಿ ಹೇಳಲಾಗದು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಲೋ, ಎಷ್ಟು ಕರೆಂಟು ಎಳೀತೀಯ ಅಂತ ಮೋಟ್ರನ್ನ ಕೇಳಬೇಡ. ಪಂಪನ್ನ ಕೇಳು” ಎಂದರು.

ಮಾತು ಚಿಕ್ಕದು, ಅದರ ಅರ್ಥವನ್ನು ಬಿಡಿಸಿದರೆ ಇಡೀ ವಿಷಯ ಅದರಲ್ಲಿದೆ. ಮೋಟಾರು ತಾನಾಗಿ ಕರೆಂಟು ಎಳೆಯುವುದಿಲ್ಲ. ಅದರ ತಲೆಯ ಮೇಲಿರುವ ಹೊರೆ ಎಳೆಸುತ್ತದೆ. ಹೊರೆ ಹೆಚ್ಚಿದಂತೆ ಕರೆಂಟು ಹೆಚ್ಚುತ್ತದೆ. ಹೊರೆ ಅತಿಯಾಗಿ ಮೋಟಾರು ತಿರುಗದೆ ನಿಂತಿತೆಂದರೆ ಆಗ ಎಳೆಯುವ ಕರೆಂಟೇ ಎಲ್ಲಕ್ಕಿಂತ ಹೆಚ್ಚು. ಅಪ್ಪನ ಗಿರಾಕಿಗಳ ಮೋಟಾರು ಸುಡುವುದೂ ಹೀಗೆಯೇ. ದೋಣಿಯಲ್ಲಿ ಪಂಪಿನ ಜಾಗದಲ್ಲಿರುವುದು ಪ್ರೊಪೆಲರು. ಆದ್ದರಿಂದ ಆಯ್ಕೆ ಹಿಂದುಮುಂದಾಗಿ ನಡೆಯಬೇಕು: ಮೊದಲು ದೋಣಿ, ಅದಕ್ಕೆ ತಕ್ಕ ಪ್ರೊಪೆಲರು, ಅದನ್ನು ತಿರುಗಿಸುವಷ್ಟು ಮೋಟಾರು, ಮೋಟಾರು ಎಳೆಯುವ ಕರೆಂಟಿಗೆ ತಕ್ಕ ಸ್ಪೀಡ್ ಕಂಟ್ರೋಲರು, ಕೊನೆಗೆ ಬ್ಯಾಟರಿ.

ದೋಣಿಯ ಒಡಲಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬಂದರುಗಳಲ್ಲಿ ಹಡಗುಗಳನ್ನು ಎಳೆಯುವ ಟಗ್ ದೋಣಿಯ ಆಕಾರ. ಬಡಗಿಯ ಅಂಗಡಿಯಲ್ಲಿ ಉಳಿದ ಪ್ಲೈವುಡ್ ತುಂಡುಗಳು. ಉದ್ದ ೬೦ ಸೆಂಟಿಮೀಟರು. ಟಗ್ಗಿನ ಹೊಟ್ಟೆ ಅಗಲ, ನಡೆ ನಿಧಾನ, ತೂಕ ಹೊರುವ ಶಕ್ತಿ ಹೆಚ್ಚು. ಹೊಸಬನಿಗೆ ಇದಕ್ಕಿಂತ ಸಾಧುವಾದ ದೋಣಿ ಇಲ್ಲ.

ಇಂಥ ದೋಣಿ ಎಷ್ಟು ವೇಗವಾಗಿ ಹೋದೀತು? ಇದಕ್ಕೆ ಉತ್ತರ ಹುಡುಕುತ್ತಾ ಹೋದಾಗ ವಿಲಿಯಂ ಫ್ರೂಡ್ ಎಂಬ ಇಂಗ್ಲಿಷ್ ಎಂಜಿನಿಯರನ ಪರಿಚಯವಾಯಿತು. ೧೮೭೦ರ ದಶಕದಲ್ಲಿ ಈತ ಟಾರ್ಕೀ ಎಂಬಲ್ಲಿ ಉದ್ದನೆಯ ತೊಟ್ಟಿ ಕಟ್ಟಿಸಿ, ಹಡಗುಗಳ ಪುಟ್ಟ ಮಾದರಿಗಳನ್ನು ಅದರಲ್ಲಿ ಎಳೆದು, ನೀರು ಅವುಗಳನ್ನು ಎಷ್ಟು ತಡೆಯುತ್ತದೆಂದು ಅಳೆದನು. ದೊಡ್ಡವರು ದೋಣಿಯಾಟ ಆಡಿದರೆ ಅದು ಶಾಸ್ತ್ರವಾಗುತ್ತದೆ! ಇರಲಿ. ನೀರನ್ನು ಸೀಳಿಕೊಂಡು ಹೋಗುವ ದೋಣಿ ತನ್ನ ಸುತ್ತ ಅಲೆ ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಅಲೆ ಉದ್ದವಾಗುತ್ತದೆ. ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮವಾದ ಮೇಲೆ ದೋಣಿ ತಾನೆಬ್ಬಿಸಿದ ಅಲೆಯನ್ನೇ ಗುಡ್ಡದಂತೆ ಹತ್ತಬೇಕಾಗುತ್ತದೆ. ನೀರಿನ ಗೆರೆಯಲ್ಲಿ ದೋಣಿಯ ಉದ್ದವನ್ನು ಅಡಿಗಳಲ್ಲಿ ಅಳೆದು, ಅದರ ವರ್ಗಮೂಲವನ್ನು ೧.೩೪ರಿಂದ ಗುಣಿಸಿದರೆ ಆ ಮಿತಿ ನಾಟ್ ಲೆಕ್ಕದಲ್ಲಿ ಸಿಗುತ್ತದೆ. ನನ್ನ ಎರಡಡಿಯ ದೋಣಿಗೆ ಅದು ೧.೯ ನಾಟ್, ಅಂದರೆ ಗಂಟೆಗೆ ಮೂರೂವರೆ ಕಿಲೋಮೀಟರು. ಸಂತೆಗೆ ಹೋಗುವ ಅಜ್ಜನ ನಡಿಗೆ! ಅದಕ್ಕಿಂತ ಮುಂದೆ ಹೋಗಲು ಎಷ್ಟು ಶಕ್ತಿ ಸುರಿದರೂ ಅದು ಅಲೆ ಎಬ್ಬಿಸಲಿಕ್ಕೇ ಸಾಲುತ್ತದೆ. ನಮ್ಮ ಅರ್ಥಶಾಸ್ತ್ರದ ತರಗತಿಯ ಇಳಿಮುಖ ಪ್ರತಿಫಲ ನಿಯಮಕ್ಕೆ ಹೊಲ ಗೊಬ್ಬರಗಳ ಉದಾಹರಣೆಯನ್ನು ಬಿಟ್ಟು ಇದನ್ನು ಕೊಟ್ಟಿದ್ದರೆ ಹಿಂದಿನ ಬೆಂಚಿನವರೂ ಎದ್ದು ಕೂರುತ್ತಿದ್ದರೆಂದು ನನಗೆ ತೋರುತ್ತದೆ.

ಈ ಒಂದು ಲೆಕ್ಕದಿಂದ ನೂರು ಬಗೆಯ ಮೋಟಾರುಗಳಲ್ಲಿ ತೊಂಬತ್ತು ಹೊರಗೆ ಹೋದವು. ಬ್ರಷ್ ಇಲ್ಲದ, ಮಹಾವೇಗದ ಮೋಟಾರುಗಳು ನೀರಿನ ಮೇಲೆ ಹಾರುವ ಪಂದ್ಯದ ದೋಣಿಗಳಿಗೆ ಸರಿ, ಟಗ್ಗಿಗೆ ಬೇಡ. ಅಪ್ಪನ ಗುಜರಿ ಡಬ್ಬದಲ್ಲಿ ಬ್ಯಾಟರಿ ಡ್ರಿಲ್ಲಿನದೊಂದು ಮೋಟಾರು ಬಿದ್ದಿತ್ತು. ಬಿಟ್ಟಿಯಾಗಿ ಬರುವಂಥದು, ಆದರೆ ಅದರ ವೇಗವೂ ವಿಪರೀತ, ಹಸಿವೂ ವಿಪರೀತ. ಕೊನೆಗೆ ಆರಿಸಿದ್ದು ಬ್ರಷ್ ಇರುವ, ೫೪೦ ಎಂಬ ಅಳತೆಯ, ನಿಧಾನಗತಿಯ ಮೋಟಾರು. ಇಲ್ಲಿ ಒಂದು ಮಾತು ಹೇಳಬೇಕು. ೫೪೦ ಎಂಬುದು ಹೊರಗಿನ ಡಬ್ಬಿಯ ಅಳತೆ, ಸುಮಾರು ೩೬ ಮಿಲಿಮೀಟರು ದಪ್ಪ, ೫೦ ಮಿಲಿಮೀಟರು ಉದ್ದ. ಒಳಗೆ ತಂತಿ ಎಷ್ಟು ಸುತ್ತು ಸುತ್ತಿದೆಯೆಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ಸುತ್ತು ಹೆಚ್ಚಾದರೆ ಮೋಟಾರು ನಿಧಾನ, ಎಳೆಯುವ ಕರೆಂಟೂ ಕಡಿಮೆ. ಸುತ್ತು ಕಡಿಮೆಯಾದರೆ ವೇಗವೂ ಹೆಚ್ಚು, ಎಳೆತವೂ ಹೆಚ್ಚು. ನಾನು ಇದನ್ನು ಓದಿ ತಿಳಿದು ಅಪ್ಪನಿಗೆ ವಿವರಿಸಲು ಹೊರಟೆ. ಅವರು ನಕ್ಕರು. ಇಪ್ಪತ್ತೈದು ವರ್ಷದಿಂದ ಸುತ್ತು ಎಣಿಸುವವರಿಗೆ ಅದನ್ನು ವಿವರಿಸುವುದೇನು ಬಂತು!

ಪ್ರೊಪೆಲರು ಎರಡು ತಂದಿದ್ದೆವು, ೩೫ ಮಿಲಿಮೀಟರಿನದೊಂದು, ೪೫ ಮಿಲಿಮೀಟರಿನದೊಂದು. ಬಟ್ಟೆ ನೆನೆಸುವ ಟಬ್ಬಿನಲ್ಲಿ ನೀರು ತುಂಬಿ, ದೋಣಿಯನ್ನು ಕೈಯಲ್ಲಿ ಅಲುಗದಂತೆ ಹಿಡಿದು, ಕರೆಂಟು ಅಳೆದೆವು. ಅಪ್ಪನ ಕ್ಲ್ಯಾಂಪ್ ಮೀಟರು ಇಲ್ಲಿ ಕೆಲಸಕ್ಕೆ ಬರಲಿಲ್ಲ; ಅದು ಎ. ಸಿ. ಅಳೆಯುವಂಥದು, ಬ್ಯಾಟರಿಯದು ಡಿ. ಸಿ. ಅದಕ್ಕೆ ಸಾಧಾರಣ ಮಲ್ಟಿಮೀಟರಿನ ೧೦ ಆಂಪಿನ ತೂತಿಗೆ ತಂತಿ ಸಿಕ್ಕಿಸಿ, ಬ್ಯಾಟರಿಯ ಕರೆಂಟು ಅದರ ಮೂಲಕವೇ ಹರಿಯುವಂತೆ ಮಾಡಿದೆವು. ಗಾಳಿಯಲ್ಲಿ ತಿರುಗುವಾಗ ಎರಡು ಪ್ರೊಪೆಲರುಗಳಿಗೂ ಹೆಚ್ಚಿನ ವ್ಯತ್ಯಾಸವಿಲ್ಲ. ನೀರಿಗಿಳಿಸಿದ ಕೂಡಲೆ ಚಿಕ್ಕದು ೨.೬ ಆಂಪು ಎಳೆಯಿತು. ದೊಡ್ಡದು ೬ ಆಂಪು. ಅಡ್ಡಗಲ ಒಂದು ಸೆಂಟಿಮೀಟರು ಹೆಚ್ಚಿದ್ದಕ್ಕೆ ಎರಡು ಪಟ್ಟಿಗೂ ಮಿಕ್ಕಿದ ದಂಡ! ಒಂದೇ ವೇಗದಲ್ಲಿ ತಿರುಗಿಸುವುದಾದರೆ ಪ್ರೊಪೆಲರು ಬೇಡುವ ಶಕ್ತಿ ಅದರ ಅಡ್ಡಗಲದ ಐದನೆಯ ಘಾತದಂತೆ ಏರುತ್ತದೆ; ಆ ಪ್ರಕಾರ ಮೂರೂವರೆ ಪಟ್ಟು ಆಗಬೇಕಿತ್ತು. ಹೊರೆ ಬಿದ್ದು ಮೋಟಾರಿನ ವೇಗ ಕುಗ್ಗಿದ್ದರಿಂದ ಅಷ್ಟಕ್ಕೆ ನಿಂತಿತು. ಚಿಕ್ಕದನ್ನೇ ಹಾಕಿದೆವು. ತಮ್ಮನಿಗೆ ದೊಡ್ಡದೇ ಚೆನ್ನಾಗಿ ಕಂಡಿತ್ತು. ಅದು ಈಗ ಅವನ ಪುಸ್ತಕದ ಕಪಾಟಿನ ಮೇಲಿದೆ.

ಬ್ಯಾಟರಿಯ ವಿಷಯಕ್ಕೆ ಬಂದರೆ ಇಂದು ಎಲ್ಲರ ಬಾಯಲ್ಲೂ ಲಿಪೊ. ಹಗುರ, ಶಕ್ತಿವಂತ, ನೋಡಲೂ ಚೆಂದ. ಆದರೆ ಅದರ ಒಂದೊಂದು ಸೆಲ್ಲನ್ನೂ ೪.೨ ವೋಲ್ಟಿಗಿಂತ ಮೇಲೇರಗೊಡಬಾರದು, ೩ ವೋಲ್ಟಿಗಿಂತ ಕೆಳಗಿಳಿಯಗೊಡಬಾರದು. ಸೆಲ್ಲುಗಳನ್ನು ಸರಿದೂಗಿಸುವ ಚಾರ್ಜರೇ ಬೇಕು. ಪೆಟ್ಟು ಬಿದ್ದರೆ, ಕೆಟ್ಟು ಊದಿಕೊಂಡರೆ, ಬೆಂಕಿ ಹೊತ್ತಿಕೊಳ್ಳಬಹುದು. ಚಾರ್ಜಿಗೆ ಇಡಲು ನಮಗಿರುವ ಜಾಗವೆಂದರೆ ಅಪ್ಪನ ಅಂಗಡಿ, ಅಲ್ಲಿರುವುದು ವಾರ್ನಿಷ್ ಮತ್ತು ಥಿನ್ನರಿನ ಡಬ್ಬಗಳು. ಆ ಯೋಚನೆ ಅಲ್ಲಿಗೆ ಮುಗಿಯಿತು. ಅಂಗಡಿಗಳ ತೂಕದ ಯಂತ್ರದಲ್ಲಿರುವ ೬ ವೋಲ್ಟು, ೪.೫ ಆಂಪ್-ಅವರಿನ ಸೀಸದ ಬ್ಯಾಟರಿಯನ್ನು ತಂದೆವು. ಭಾರವೆಂದು ಅದನ್ನು ಹಳಿಯುವವರುಂಟು. ಟಗ್ ದೋಣಿ ನೀರಿನಲ್ಲಿ ಸರಿಯಾಗಿ ಕೂರಲು ಹೇಗೂ ಹೊಟ್ಟೆಯಲ್ಲಿ ಭಾರ ಹಾಕಬೇಕು. ಕಲ್ಲು ಹಾಕುವ ಬದಲು ಬ್ಯಾಟರಿ ಹಾಕಿದೆವು, ಅಷ್ಟೆ.

ಇದರ ಮೇಲೆ ಬರೆದಿರುವ ೪.೫ ಎಂಬ ಸಂಖ್ಯೆಯನ್ನು ಹಾಗೆಯೇ ನಂಬಬಾರದು. ಇಪ್ಪತ್ತು ಗಂಟೆಗಳ ಕಾಲ ಸಣ್ಣಗೆ ಕರೆಂಟು ಎಳೆದರೆ ಸಿಗುವ ಲೆಕ್ಕ ಅದು. ೨.೬ ಆಂಪಿನಂತೆ ಎಳೆದರೆ ಒಂದು ಗಂಟೆಯ ಆಸುಪಾಸಿಗೆ ಅದು ದಣಿಯುತ್ತದೆ. ಅದರಲ್ಲೂ ಅರ್ಧವನ್ನು ಮಾತ್ರ ನಮ್ಮದೆಂದು ಇಟ್ಟುಕೊಂಡೆವು. ಮೊಬೈಲಿನಲ್ಲಿ ಅರ್ಧ ಗಂಟೆಯ ಅಲಾರಮ್ಮು. ಹೊಡೆದ ಕೂಡಲೆ ದೋಣಿ ದಡಕ್ಕೆ. ಉಳಿದರ್ಧ ಎದುರುಗಾಳಿಗೆ ಮತ್ತು ಅನಿರೀಕ್ಷಿತಕ್ಕೆ.

ಸ್ಪೀಡ್ ಕಂಟ್ರೋಲರು ೩೦ ಆಂಪಿನದು. ಓಡುವಾಗ ಮೂರು ಆಂಪೂ ಇಲ್ಲದಿರುವಾಗ ಮೂವತ್ತೇಕೆಂದರೆ, ಜೊಂಡು ಸಿಕ್ಕಿ ಪ್ರೊಪೆಲರು ನಿಂತ ಆ ಗಳಿಗೆಗಾಗಿ. ಆ ಗಳಿಗೆಗೇ ಇನ್ನೊಂದು ಗುಣವೂ ಬೇಕು: ಹಿಂದಕ್ಕೆ ತಿರುಗಿಸುವ ಶಕ್ತಿ. ವಿಮಾನಗಳಿಗೆಂದು ಮಾಡಿದ ಅಗ್ಗದ ಕಂಟ್ರೋಲರುಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಸುತ್ತಿಕೊಂಡ ಜೊಂಡು ಹಿಂದಕ್ಕೆ ತಿರುಗಿಸಿದರೆ ಎಷ್ಟೋ ಸಲ ಬಿಚ್ಚಿಕೊಳ್ಳುತ್ತದೆ. ಹಿಂದಕ್ಕೆ ತಿರುಗದ ದೋಣಿಗೆ ನಮ್ಮ ಕೆರೆಯಲ್ಲಿ ಜಾಗವಿಲ್ಲ. ಕೆಲವು ಕಂಟ್ರೋಲರುಗಳಲ್ಲಿ ಬ್ಯಾಟರಿ ಯಾವ ಜಾತಿಯದೆಂದು ತಿಳಿಸುವ ಪುಟ್ಟ ಸಿಕ್ಕಿಸುವ ಗುಂಡಿಯೊಂದಿರುತ್ತದೆ. ಅದು ಲಿಪೊ ಕಡೆಗಿದ್ದರೆ ೬ ವೋಲ್ಟಿನ ಸೀಸದ ಬ್ಯಾಟರಿಯನ್ನು ಖಾಲಿಯೆಂದೇ ತಿಳಿದು ಮೋಟಾರನ್ನು ನಿಲ್ಲಿಸಿಬಿಡುತ್ತದೆ. ಇದನ್ನು ಮನೆಯಲ್ಲೇ ನೋಡಿಕೊಳ್ಳಬೇಕು, ನಡುನೀರಿನಲ್ಲಿ ಅಲ್ಲ. ಬ್ಯಾಟರಿಯ ಕೆಂಪು ತಂತಿಗೆ ೧೦ ಆಂಪಿನ ಫ್ಯೂಸು. ದ್ವಿಚಕ್ರದ ಬಿಡಿಭಾಗದ ಅಂಗಡಿಯಲ್ಲಿ ಸಿಗುವ ಕೆಂಪು ಬಣ್ಣದ್ದು. “ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ ಸುತ್ತಿದೋರ ಮೋಟ್ರಿಂದಾನೇ ಕಣೋ ನಿನ್ನ ಫೀಜು ಕಟ್ಟಿದ್ದು” ಎಂದರು ಅಪ್ಪ.

ಈಗ ಎಲ್ಲಕ್ಕಿಂತ ಮುಖ್ಯವೆಂದು ನಾನು ತಿಳಿದಿರುವ ಸಂಗತಿ. ಕಂಟ್ರೋಲರು ಮೋಟಾರಿನ ಬ್ಯಾಟರಿಯಿಂದಲೇ ೫ ವೋಲ್ಟು ತೆಗೆದು ರಿಸೀವರಿಗೂ ಚುಕ್ಕಾಣಿಯ ಸರ್ವೊಗೂ ಕೊಡುವುದು ವಾಡಿಕೆ. ಖರ್ಚು ಉಳಿಯುತ್ತದೆ, ನಿಜ. ಆದರೆ ಬ್ಯಾಟರಿ ಇರುವುದೇ ೬ ವೋಲ್ಟಿನದು. ಜೊಂಡು ಸಿಕ್ಕಿ ಮೋಟಾರು ಒಮ್ಮೆಗೇ ಎಳೆದಾಗ ಅದು ತೀರಾ ಕೆಳಗೆ ಕುಸಿದರೆ ರಿಸೀವರು ಕಣ್ಣು ಮುಚ್ಚುತ್ತದೆ. ‘ಹಿಂದಕ್ಕೆ ತಿರುಗು’ ಎಂದು ಹೇಳಬೇಕಾದ ಹೊತ್ತಿಗೇ ಕಿವಿ ಕೇಳದಾಯಿತು! ಆದ್ದರಿಂದ ರಿಸೀವರಿಗೆ ಬೇರೆಯೇ ಬ್ಯಾಟರಿ: ಮತ್ತೆ ಮತ್ತೆ ಚಾರ್ಜು ಮಾಡುವ ಪೆನ್‌ಟಾರ್ಚ್ ಸೆಲ್ಲು ನಾಲ್ಕು, ಒಂದೊಂದು ೧.೨ ವೋಲ್ಟು, ಒಟ್ಟು ೪.೮. ಹೀಗೆ ಮಾಡುವಾಗ ಕಂಟ್ರೋಲರಿನಿಂದ ರಿಸೀವರಿಗೆ ಬರುವ ಮೂರು ತಂತಿಗಳಲ್ಲಿ ನಡುವಿನ ಕೆಂಪನ್ನು ಬಿಚ್ಚಿ ಟೇಪು ಸುತ್ತಬೇಕು. ಇಲ್ಲವಾದರೆ ಎರಡು ಬ್ಯಾಟರಿಗಳು ಒಂದರೊಡನೊಂದು ಜಗಳಕ್ಕೆ ಬೀಳುತ್ತವೆ. ಬ್ರಷ್ಷಿನ ಕಿಡಿಯಿಂದ ರೇಡಿಯೊ ಕೆಡದಂತೆ ಮೋಟಾರಿನ ತುದಿಗಳಿಗೆ ‘೧೦೪’ ಎಂದು ಬರೆದ ಕೆಪಾಸಿಟರುಗಳನ್ನು ಬೆಸೆದವರೂ ಅಪ್ಪನೇ.

ಕೈಯಲ್ಲಿದ್ದ ಹಣ ವಿದ್ಯಾರ್ಥಿವೇತನದಲ್ಲಿ ಉಳಿಸಿದ ಆರು ಸಾವಿರ ರೂಪಾಯಿ. ಅರ್ಧಕ್ಕಿಂತ ಹೆಚ್ಚು ಟ್ರಾನ್ಸ್‌ಮಿಟರು ರಿಸೀವರುಗಳಿಗೇ ಹೋಯಿತು. ಬೆಂಗಳೂರಿನ ಎಸ್. ಪಿ. ರೋಡಿನಲ್ಲಿ ಒಂದು ದಿನವಿಡೀ ಅಲೆದು ಕೊಂಡದ್ದು. ಮೋಟಾರು ಕೆಟ್ಟರೆ ಇನ್ನೊಂದು ಅಗ್ಗಕ್ಕೆ ಸಿಗುತ್ತದೆ. ಮುಂದೆ ಇನ್ನಾವ ದೋಣಿ ಕಟ್ಟಿದರೂ ಇದೇ ರೇಡಿಯೊ ಸಾಕು. ಒಂದು ಕಾಲದಲ್ಲಿ ಹಾಡು ಕೇಳುವ ರೇಡಿಯೊಕ್ಕೂ ಅಂಚೆ ಕಚೇರಿಯಲ್ಲಿ ಲೈಸೆನ್ಸು ಕಟ್ಟಬೇಕಿತ್ತಂತೆ. ೨೦೦೫ರಲ್ಲಿ ಭಾರತ ಸರಕಾರ ೨.೪ ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಉಪಕರಣಗಳನ್ನು ಲೈಸೆನ್ಸಿನಿಂದ ಮುಕ್ತಗೊಳಿಸಿತು. ನಮ್ಮ ದೋಣಿ ಮಾತಾಡುವುದು ಅದೇ ಪಟ್ಟಿಯಲ್ಲಿ. ಈ ಅಲೆಗಳ ಉದ್ದ ೧೨.೫ ಸೆಂಟಿಮೀಟರು. ಇವು ನೀರಿನೊಳಗೆ ಇಳಿಯಲಾರವು. ರಿಸೀವರಿನ ಆಂಟೆನಾದ ತುದಿಯನ್ನು ನೀರಿನ ಗೆರೆಗಿಂತ ಮೇಲೆ, ಟಗ್ಗಿನ ಮರದ ಕೋಣೆಯ ಛಾವಣಿಯ ಕೆಳಗೆ ನೆಟ್ಟಗೆ ನಿಲ್ಲಿಸಿದೆವು. ಸಂಕೇತ ಕಡಿದುಹೋದರೆ ಮೋಟಾರು ನಿಲ್ಲುವಂತೆ ಫೇಲ್‌ಸೇಫ್ ಎಂಬುದನ್ನು ನಾವೇ ಹೇಳಿಕೊಡಬೇಕು. ಹೇಳಿಕೊಟ್ಟು, ಟಬ್ಬಿನಲ್ಲಿ ಮೋಟಾರು ಓಡುತ್ತಿರುವಾಗಲೇ ಟ್ರಾನ್ಸ್‌ಮಿಟರನ್ನು ಆರಿಸಿ ನೋಡಿದೆವು. ನಿಂತಿತು.

ಇಷ್ಟಾದರೂ ಎಲ್ಲ ಒಟ್ಟಿಗೆ ಕೈಕೊಡುವ ದಿನವೊಂದಿದೆ. ಅದಕ್ಕೆ ಸಾಮಾನು ಅಂಗಡಿಯಲ್ಲಿ ಸಿಗುವುದಿಲ್ಲ, ಗಾಳಿ ನೋಡಬೇಕು. ಶ್ರಾವಣದಲ್ಲಿ ನಮ್ಮ ಕಡೆ ಪಡುವಣ ಗಾಳಿ. ಆದ್ದರಿಂದ ಮೂಡಣ ದಡದಲ್ಲಿ ನಿಂತು ದೋಣಿ ಬಿಟ್ಟೆವು. ಕೆಟ್ಟು ನಿಂತರೂ ಗಾಳಿಯೇ ಅದನ್ನು ನಮ್ಮ ಕಾಲ ಬಳಿಗೆ ತಳ್ಳಿಕೊಂಡು ಬರಬೇಕು, ಎಷ್ಟು ಹೊತ್ತಾದರೂ ಆಗಲಿ.

ಅಮ್ಮನೂ ಬಂದಿದ್ದಳು, ತಮ್ಮನ ಅಂಗಿಯ ಹಿಂಬದಿಯನ್ನು ಹಿಡಿದುಕೊಂಡೇ ನಿಂತಿದ್ದಳು. ದೋಣಿ ತೂಬಿನ ಕಡೆಗೆ ಹೋಗಿ ಜೊಂಡಿನಲ್ಲಿ ಸಿಕ್ಕಿತು. ಎರಡು ಸಲ ಹಿಂದಕ್ಕೆ ತಿರುಗಿಸಿದೆ, ಬಿಚ್ಚಿಕೊಂಡಿತು. ಅಲಾರಮ್ಮು ಹೊಡೆದಾಗ ದಡದಿಂದ ನಲವತ್ತು ಮಾರು ದೂರದಲ್ಲಿತ್ತು. ಅಜ್ಜನ ನಡಿಗೆಯಲ್ಲೇ ಬಂತು. ಅಪ್ಪ ಮುಚ್ಚಳ ತೆಗೆದು, ಮೋಟಾರಿನ ಮೇಲೆ ಬೆರಳಿಟ್ಟು ಬಿಸಿ ನೋಡಿದರು, ಮೀಟರಿನ ಕಡ್ಡಿಗಳನ್ನು ಬ್ಯಾಟರಿಗೆ ಮುಟ್ಟಿಸಿದರು. ೬.೨ ವೋಲ್ಟು. “ಇನ್ನೂ ಅರ್ಧ ಐತೆ” ಎಂದರು. ತಮ್ಮ ನನ್ನ ಮುಖ ನೋಡಿದ. ಆ ಅರ್ಧ ಯಾತಕ್ಕಿದೆಯೆಂದು ಅವನಿಗೆ ಹೇಳಿಕೊಟ್ಟಿದ್ದೆ, ಆದರೂ ಕೇಳಿದ, “ಅಣ್ಣ, ಇನ್ನೊಂದು ಸುತ್ತು?” ನಾನು ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡೆ.